ನೊರೆನಾಡಿನ ಮುದ್ರೆಗಾರ

ನೊರೆನಾಡಿಗೆ ಹೋಗಿ ಜೀವಂತ ತಿರುಗಿ ಬಂದವನು ಏಳೂರಿಗೆ ಒಬ್ಬನೇ, ಕಳ್ಳಿಳಿಸುವ ದೂಮಣ್ಣ. ಕಣ್ಣಾರೆ ಕಂಡ ಸಾಕ್ಷಿಗಳು ಮೂವರಿದ್ದರು. ಮೂವರೂ ಈಗ ಸ್ವರ್ಗದಲ್ಲಿದ್ದಾರೆ. ಸಂಶಯವಿದ್ದವರು ಹೋಗಿ ಕೇಳಬಹುದು.

"ಆ ನಾಡು ಇರುವುದು ನನ್ನ ಕಳ್ಳಿನ ಮಡಕೆಯೊಳಗೇ," ಅಂದ ದೂಮಣ್ಣ. ಕೇಳುತ್ತಿದ್ದ ಕಾರ್ಮಿನ್ ಬಾಯಿ ಕಳ್ಳಪ್ಪದ ಹಿಟ್ಟಿಗೆ ಅವನು ತಂದ ಕಳ್ಳು ಬೆರೆಸಿ, ಉಬ್ಬಲೆಂದು ಕಾಯುತ್ತಾ ಕೂತಿದ್ದಳು. ಕತೆ ಸಾಗಿತು.

ಬಹಳ ಹಿಂದೆ ಆ ನಾಡಿನಲ್ಲಿ ತಾಯಿಯ ಹೆಗಲ ಮೇಲೆ ಮೊಗ್ಗು ಮೂಡಿ, ಬೆಳೆದು, ಮಗುವಾಗಿ ಕಳಚಿಕೊಳ್ಳುತ್ತಿತ್ತು. ಕಳಚುವ ಮುಂಚೆ ಮೂರು ಬಾಗಿಲು. ಮೂರಕ್ಕೂ ಒಬ್ಬನೇ ಮುದ್ರೆಗಾರ, ಬಿರ್ಮಣ.

ಮೊದಲ ಬಾಗಿಲಲ್ಲಿ ಕೇಳುವನು: "ಮೈ ತುಂಬಿತಾ?" ಎರಡನೆಯದರಲ್ಲಿ: "ವಂಶದ ಓಲೆಯ ನಕಲಾಯಿತಾ?" ಮೂರನೆಯದರಲ್ಲಿ: "ತಾಯಿಗೊಂದು, ಮಗುವಿಗೊಂದು ಓಲೆ ಹಂಚಿಯಾಯಿತಾ?" ಹೌದೆಂದರೆ ಹಿಟ್ಟಿನ ಗೊಂಬೆಯೊಂದು ಬಂದು ಅವನ ಕೈ ಹಿಡಿಯುವುದು. ಆಗಷ್ಟೇ ಕೈಗೆ ಬಲ. ಮುದ್ರೆ ಬೀಳುವುದು, ಬಾಗಿಲು ತೆರೆಯುವುದು. ಆಮೇಲೆ ಗೊಂಬೆಯ ಹಣೆಗೂ ಒಂದು ಮುದ್ರೆ. ಹಣೆಗೆ ಮುದ್ರೆ ಬಿದ್ದದ್ದನ್ನು ಅರಮನೆಯ ಒರಳು ಎಳೆದು ಅರೆಯುವುದು. ಇದು ಅಲ್ಲಿನ ಕಟ್ಟಳೆ.

ನಾಡು ನುಂಗಲು ಹೊಂಚಿದ್ದ ಹುಳಿಮಾಯಾವಿ ಒಂದು ಚೆಂದದ ಗೊಂಬೆ ತಂದ. "ಅಯ್ಯೋ ಪಾಪಿ, ಇವಳನ್ನೂ ಒರಳಿಗೆ ಹಾಕುತ್ತೀಯಾ?"

ಬಿರ್ಮಣನ ಕರುಳು ಚುರುಕ್ಕೆಂದಿತು. ಕೈ ಹಿಡಿದ ಅವಳ ಹಣೆಗೆ ಮುದ್ರೆ ಒತ್ತಲಿಲ್ಲ.

ಅಷ್ಟೇ! ಗೊಂಬೆ ಕೈ ಬಿಡಲಿಲ್ಲ, ಕೈ ನಿಲ್ಲಲಿಲ್ಲ. ಧಡ್, ಧಡ್, ಧಡ್! ಕೇಳುವ ಮೊದಲೇ ಮುದ್ರೆ. ಅಕ್ಕಿಯಷ್ಟಿದ್ದವರಿಗೆ ಸಾಸಿವೆಯಷ್ಟು ಮಕ್ಕಳು, ಸಾಸಿವೆಯಷ್ಟಿದ್ದವರಿಗೆ ಧೂಳಿನಷ್ಟು. ಓಲೆ ಸಿಗದ ಕೂಸುಗಳು ಉಸಿರೇ ಎಳೆಯಲಿಲ್ಲ. ಕಡೆಗೆ ಬಿರ್ಮಣನ ಹೆಂಡತಿ ಚೋಮುವೇ ಬಾಗಿಲಿಗೆ ಬಂದಳು, ಹೆಗಲ ಮೇಲೆ ಎಳೆ ಮೊಗ್ಗು.

"ನಿಮ್ಮದೇ ಮಗು. ಕೈ ತಡೀರಿ!"

ಬಿರ್ಮಣ ತನ್ನ ಕೈಯನ್ನೇ ಕಚ್ಚಿದ, ನಿಲ್ಲಲಿಲ್ಲ. ಕಂಬಕ್ಕೆ ಕಟ್ಟಿದ, ಹಗ್ಗ ಹರಿಯಿತು. ಎರಡು ಬಾಗಿಲು ತೆರೆದಾಗಿತ್ತು, ಮೂರನೆಯದಕ್ಕೂ ಮುದ್ರೆ ಮೇಲೆದ್ದಿತು.

"ಆಗ, 'ಆ ಗೊಂಬೆಯ ಹಣೆಗೆ ಒತ್ತೋ ಮಾರಾಯ!' ಅಂತ ಕೂಗಿದ್ದು ಯಾರು? ನಾನೇ!" ದೂಮಣ್ಣ ಎದೆ ಉಬ್ಬಿಸಿ ಮೀಸೆ ತಿರುವಿದ.

ಬಿರ್ಮಣ ಒತ್ತಿದ. ಒರಳು ಗೊಂಬೆಯನ್ನೆಳೆಯಿತು, ಅವಳ ಜಡೆಗೆ ಜೋತುಬಿದ್ದ ಮಾಯಾವಿಯನ್ನೂ ಎಳೆದು ನುಣ್ಣಗೆ ಅರೆಯಿತು. ಚೋಮುವಿನ ಮೊಗ್ಗು ಮೈ ತುಂಬಿ, ಓಲೆ ಹಿಡಿದು, ನಗುತ್ತಾ ಕಳಚಿತು. ನಾಡೆಲ್ಲ ತಣ್ಣಗಾಯಿತು.

"ರಾಜ ನನ್ನನ್ನು ಪಕ್ಕದಲ್ಲೇ ಕೂರಿಸಿ ಊಟ ಹಾಕಿಸಿದ. ಅಂದಿನಿಂದ ನನ್ನ ಕಳ್ಳು ಬಿದ್ದ ಹಿಟ್ಟು ಉಬ್ಬದೆ ಇದ್ದದ್ದಿಲ್ಲ, ಬಾಯಮ್ಮಾ."

ಕಾರ್ಮಿನ್ ಬಾಯಿ ಮುಚ್ಚಳ ತೆಗೆದಳು. ಹಿಟ್ಟು ಅಂಚಿನವರೆಗೂ ಬಂದಿತ್ತು.

"ಅದೇನೋ ಸರಿ ದೂಮಣ್ಣ. ಅಲ್ಲಿನವರೇ ಅಕ್ಕಿಕಾಳಿನಷ್ಟು. ಗೇಣುದ್ದದ ನಿಮ್ಮ ಈ ಮೀಸೆ ಆ ಬಾಗಿಲಲ್ಲಿ ಹೇಗೆ ಹಿಡಿಸಿತು?"

ದೂಮಣ್ಣ ಭುಜ ಹಾರಿಸಿದ. "ಮೀಸೆ ಹೊರಗೇ ಬಿಟ್ಟು ಹೋಗಿದ್ದೆ ಮಾರಾಯ್ತಿ."