ನಾಲ್ಕು ಬೆರಳಿನ ಲೆಕ್ಕ

ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ಇನ್ನೂ ಕಸ ಗುಡಿಸುತ್ತಿದ್ದರು. ಗುಬ್ಬಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಹನುಮಕ್ಕ ನೇರವಾಗಿ ಇನ್‌ಸ್ಪೆಕ್ಟರ್ ದಾಕ್ಷಾಯಣಿಯವರ ಮೇಜಿನ ಮುಂದೆ ನಿಂತರು.

“ನಮ್ಮಣ್ಣನ್ನ ಅವನ ಸೊಸೆನೇ ಕೊಂದವ್ಳೆ. ಬರ್ಕೊಳ್ಳಿ.”

ಅಣ್ಣ ಎಂದರೆ ಕುಣಿಗಲ್ ತಾಲ್ಲೂಕು ಹುತ್ರಿದುರ್ಗದ ಬದಿಯ ಪುಟ್ಟರಂಗಯ್ಯ. ಹಿಂದಿನ ದಿನ ಬೆಳಗಾಗುವ ಹೊತ್ತಿಗೆ ರಾಗಿ ಹೊಲಕ್ಕೆ ನುಗ್ಗಿದ ಕಾಡುಹಂದಿಗೆ ಗುರಿಯಿಟ್ಟಾಗ ಅವರ ನಾಡಬಂದೂಕಿನ ನಳಿಗೆ ಬುಡದಲ್ಲೇ ಸಿಡಿದಿತ್ತು. ಆಸ್ಪತ್ರೆ ಸೇರುವ ಮುಂಚೆಯೇ ಜೀವ ಹೋಗಿತ್ತು. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸ್ ಅವರ ಹೆಸರಿನಲ್ಲೇ ಇತ್ತು. ಆದರೆ ಕೈ ನಡುಗಿ ಮದ್ದು ಚೆಲ್ಲತೊಡಗಿದ ಮೇಲೆ ಬಂದೂಕು ತುಂಬುತ್ತಿದ್ದವಳು ಸೊಸೆ ಸುಧಾ.

“ಮಾವ, ಸೊಸೆ ಚೆನ್ನಾಗಿದ್ರಾ?”

“ಅವನ ಜೊತೆ ಯಾರು ತಾನೇ ಚೆನ್ನಾಗಿದ್ರು ಹೇಳಿ” ಎಂದ ಹನುಮಕ್ಕ, ಸತ್ತವನ ಬಗ್ಗೆ ಹೀಗೆ ಅಂದುಬಿಟ್ಟೆನಲ್ಲ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಸ್ವಾಭಾವಿಕ ಸಾವು ಎಂದಿದ್ದ ಪ್ರಕರಣ ಕೊಲೆಯ ಎಫ್‌ಐಆರ್ ಆಯಿತು. ದಾಕ್ಷಾಯಣಿ ಹೆಡ್ ಕಾನ್‌ಸ್ಟೆಬಲ್ ಯಲ್ಲಯ್ಯನ ಜೊತೆ ಊರಿಗೆ ಹೋದಾಗ ಜಗಲಿಯ ತುಂಬ ಜನ. ಯಾರೂ ಸುಧಾಳ ಹತ್ತಿರ ಕೂತಿರಲಿಲ್ಲ. ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಗಂಡ ಅನಂತರಾಜು ತುಮಕೂರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಶನಿವಾರ ರಜಕ್ಕೆ ಬಂದವನು ಈಗ ಕಂಬಕ್ಕೊರಗಿ ನೆಲ ನೋಡುತ್ತಿದ್ದ.

“ಮದ್ದು ಎಷ್ಟು ಹಾಕ್ದೆ?” ದಾಕ್ಷಾಯಣಿ ಸುಧಾಳನ್ನು ಕೇಳಿದರು.

“ಯಾವಾಗ್ಲೂ ಹಾಕೋ ಅಷ್ಟೇ ಮೇಡಂ. ಮದ್ದಳೆಯೋ ಚಿಪ್ಪಲ್ಲಿ ಅಳೆದೆ. ಆಮೇಲೆ ಗಜ ಬಿಟ್ಟು ನೋಡಿದ್ರೆ ಎರಡೇ ಬೆರಳು ಹೊರಗಿತ್ತು. ಕಮ್ಮಿ ಆಯ್ತು ಅಂತ ಇನ್ನಷ್ಟು ಹಾಕ್ದೆ.”

ಗಜವೆಂದರೆ ಮದ್ದನ್ನು ನಳಿಗೆಯೊಳಗೆ ಗಿಡಿಯುವ ಬಿದಿರ ಕೋಲು. ತುಂಬಿದ ಮೇಲೆ ಅದರ ತುದಿ ನಾಲ್ಕು ಬೆರಳು ಹೊರಗೆ ನಿಂತರೆ ಅಳತೆ ಸರಿ ಎಂಬುದು ಪುಟ್ಟರಂಗಯ್ಯನವರ ಕಾಯಿದೆ.

“ಚಿಪ್ಪು ಒಂದು ಹೇಳ್ತು, ಗಜ ಇನ್ನೊಂದು ಹೇಳ್ತು. ಮತ್ತೆ ಅಳೆದು ನೋಡೋಣ ಅನ್ನಿಸ್ಲಿಲ್ವಾ?”

“ಅನ್ನಿಸ್ತು. ಮಾವ ಬಾಗ್ಲಲ್ಲಿ ನಿಂತು ಕೂಗ್ತಿದ್ರು. ಗಜ ಸುಳ್ಳು ಹೇಳ್ತೈತೆ ಅಂದ್ರೆ, ನೀವು ಸುಳ್ಳು ಹೇಳ್ತಿದೀರಾ ಅಂತ ಅವ್ರಿಗೇ ಅಂದಂಗೆ ಮೇಡಂ.”

ಈ ಮಾತನ್ನು ನಂಬುವವರು ಆ ಜಗಲಿಯ ಮೇಲೆ ಒಬ್ಬರೂ ಇರಲಿಲ್ಲ. ದಾಕ್ಷಾಯಣಿಗೂ ಅನುಮಾನವೇ. ಸುಧಾಳನ್ನು ಮಹಿಳಾ ಪೇದೆಯ ಜೊತೆ ಜೀಪಿನಲ್ಲಿ ಕೂರಿಸಿ ಪಂಚನಾಮೆಗೆ ಕುಳಿತರು. ಸಿಡಿದ ಬಂದೂಕು, ಚಿಪ್ಪು, ಮದ್ದಿನ ಡಬ್ಬಿ, ಗಜ. ಆಯುಧಪೂಜೆಯ ಅರಿಶಿನ ಕುಂಕುಮ ಬಂದೂಕಿನ ಹಿಡಿಯ ಮೇಲೆ ಇನ್ನೂ ಇತ್ತು. ಗಜದ ಮೇಲೆ ಇರಲಿಲ್ಲ. ಕೋಲೆಲ್ಲ ಕೈ ತಾಗಿ ತಾಗಿ ಕರ್ರಗೆ ನುಣುಪಾಗಿತ್ತು. ಮೇಲಿನ ತುದಿ ಮಾತ್ರ ಆಗತಾನೇ ಕೆತ್ತಿದ ಹಾಗೆ ಬೆಳ್ಳಗಿತ್ತು.

“ಯಲ್ಲಯ್ಯ, ಇದನ್ನ ಯಾರೋ ಕುಯ್ದವ್ರೆ ಕಣ್ರಿ.”

“ಕೋಲು ಎರಡು ಬೆರಳು ಗಿಡ್ಡ ಆದ್ರೆ, ನಾಲ್ಕು ಬೆರಳು ಹೊರಗೆ ಕಾಣೋ ಹೊತ್ತಿಗೆ ಒಳಗೆ ಮದ್ದು ಎರಡು ಬೆರಳು ಜಾಸ್ತಿ ಆಗಿರ್ತದೆ ಮೇಡಂ.”

ಸುಧಾಳೇ ಕುಯ್ದಿರಬಹುದಲ್ಲ? ಹಾಗಾಗಿದ್ದರೆ, ಎರಡೇ ಬೆರಳು ಕಂಡಿತು ಎಂದು ತಾನಾಗಿ ಬಾಯಿಬಿಡುತ್ತಿರಲಿಲ್ಲ. ಕುಯ್ದ ತುಂಡಿಗಾಗಿ ಮನೆಯ ಸುತ್ತ ಹುಡುಕಾಟ ಶುರುವಾಯಿತು. ಹಿತ್ತಲಿನ ತೋಟದಲ್ಲಿ ಎಲ್ಲ ಸಾಲಿನ ತೆಂಗಿನ ಸಸಿಗಳ ಬುಡವೂ ಒದ್ದೆಯಾಗಿತ್ತು, ಒಂದು ಸಾಲು ಬಿಟ್ಟು. ಆ ಸಾಲಿನ ಡ್ರಿಪ್ ಪೈಪನ್ನು ಯಲ್ಲಯ್ಯ ಬಿಚ್ಚಿ ಕೊಡವಿದ. ಎರಡು ಬೆರಳಗಲದಷ್ಟು ಉದ್ದದ ಬಿದಿರ ಚೂರು ಉದುರಿತು. ಅದರ ತುದಿಯಲ್ಲಿ ಕುಂಕುಮ ಹಾಗೇ ಇತ್ತು.

“ಈ ಪೈಪ್ ಕ್ಲೀನ್ ಮಾಡಿದ್ಯಾರು?”

ದಾಕ್ಷಾಯಣಿ ಚೂರನ್ನು ಜಗಲಿಯವರಿಗೆ ಹಿಡಿದು ತೋರಿಸಿದರು. ಜೀಪಿನೊಳಗಿಂದ ಸುಧಾ ಗಂಡನನ್ನೇ ನೋಡಿದಳು.

“ನಾನೇ ಮೇಡಂ” ಎಂದ ಅನಂತರಾಜು. “ಕಸ ಕಟ್ಕೊಂಡಿತ್ತು, ಕೈಗೆ ಸಿಕ್ಕಿದ್ದು ಅದೇ. ತುದಿ ಒಳಗೇ ಮುರೀತು. ಮುರಿದಿದ್ದು ಕಾಣ್ಬಾರ್ದು ಅಂತ ಮಚ್ಚಲ್ಲಿ ಕೆತ್ತಿ ನುಣ್ಣಗೆ ಮಾಡಿ ಅಲ್ಲೇ ಇಟ್ಟೆ.”

“ಯಾಕೆ ಹೇಳ್ಲಿಲ್ಲ?”

“ಅಪ್ಪ ಬಯ್ತಿದ್ರು.” ಹೇಳುವಾಗ ಅವನ ದನಿ ತಗ್ಗಿತು, ಕಣ್ಣು ಜಗಲಿಯಲ್ಲಿದ್ದ ಅಪ್ಪನ ಖಾಲಿ ಕುರ್ಚಿಯ ಕಡೆ ಹೋಯಿತು. ತಲೆ ನೆರೆಯತೊಡಗಿದ ಗಂಡಸು.

“ನಿನ್ನೆಯಿಂದ ನಿನ್ ಹೆಂಡ್ತಿನ ಎಲ್ರೂ ಕೊಲೆಗಾತಿ ಅಂತಾವ್ರೆ. ಆಗ್ಲೂ ಹೇಳ್ಲಿಲ್ವಲ್ಲಪ್ಪಾ!” ದಾಕ್ಷಾಯಣಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಹೇಳೋಣ ಅಂತ ಬಾಯಿ ತೆಗೀತಿದ್ದೆ ಮೇಡಂ. ಬರ್ಲಿಲ್ಲ.”

ಕೊಲೆಯ ಕಲಂ ಕೈಬಿಡಲು ಕೋರ್ಟಿಗೆ ವರದಿ ಬರೆಯಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಅನಂತರಾಜುವನ್ನು ದಸ್ತಗಿರಿ ಮಾಡಿದರು. ಎರಡು ಅಳತೆ ತಾಳೆಯಾಗದಿದ್ದರೂ ತುಂಬಿದ್ದನ್ನು ಸುಧಾಳ ಹೇಳಿಕೆಯಲ್ಲಿ ಹಾಗೇ ಬರೆಸಿದರು. ಆ ಮನೆಯಲ್ಲಿ ಒಬ್ಬನಿಗೆ ಮುರಿದದ್ದನ್ನು ಹೇಳಲು ಭಯ, ಇನ್ನೊಬ್ಬಳಿಗೆ ಮತ್ತೊಮ್ಮೆ ಅಳೆಯಲು ಭಯ. ಆ ಭಯಕ್ಕೆ ಯಾವ ಕಲಂ ಹಾಕುವುದೋ ದಾಕ್ಷಾಯಣಿಗೆ ತಿಳಿಯಲಿಲ್ಲ.

ಜೀಪಿನಿಂದ ಇಳಿದ ಸುಧಾ, ಅದೇ ಜೀಪಿನತ್ತ ಬರುತ್ತಿದ್ದ ಗಂಡನಿಗೆ ಇಷ್ಟೇ ಅಂದಳು: “ನನ್ ಕಿವೀಲಾದ್ರೂ ಹೇಳ್ಬೋದಿತ್ತಲ್ರೀ.”

ಅವನು ಜೀಪು ಹತ್ತಿದ. ಒಳಗೆ ಕೂತು ಬಾಗಿಲು ಹಾಕಿಕೊಂಡ ಮೇಲೆ ಯಲ್ಲಯ್ಯನ ಕಡೆ ಬಾಗಿ ಮೆಲ್ಲಗೆ ಕೇಳಿದ:

“ಸಾರ್, ಗಜ ಮುರಿದಿದ್ದು ನಾನೇ ಅಂತ ಅಪ್ಪಂಗೆ ಗೊತ್ತಾಗಿರ್ತದಾ?”