ಮಾಸ್ಕಿನೊಳಗಿನ ಹೂಂ

"ಮಾಸ್ಕ್ ಸ್ವಲ್ಪ ಕೆಳಗ ಮಾಡ್ರಿ."

ಗಾಜಿನ ಬಾಗಿಲು ತಳ್ಳಿಕೊಂಡು ಬಂದು, ಕುರ್ಚಿ ಎಳೆದು ಕೂತು, ಕಡ್ಡಿ ಮುರಿದ ಚಶ್ಮಾ ಒಂದನ್ನು ಕೌಂಟರಿನ ಮೇಲಿಟ್ಟು ಆ ಮನುಷ್ಯ ನನಗೆ ಹೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಏನಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆ ವಾರ ಈ ಮಾತು ಹೇಳಿದವರಲ್ಲಿ ಅವನು ನಾಲ್ಕನೆಯವನು.

"ಯಾಕ್ರಿ ಮಾಡ್ಲಿ? ಎರಡೂ ಡೋಸ್ ಆಗ್ಯಾವ, ಮ್ಯಾಲೊಂದು ಬೂಸ್ಟರೂ ಆಗೇತಿ. ಆದ್ರೂ ಹಾಕ್ಕೊಂತೇನಿ. ನನ್ನ ಮಾರಿ, ನನ್ನ ಮಾಸ್ಕ್. ನೀವು ಚಶ್ಮಾ ರಿಪೇರಿಗೆ ಬಂದೀರೋ, ಕನ್ಯಾ ನೋಡಾಕ ಬಂದೀರೋ?"

ಒಂದೇ ಉಸಿರಿಗೆ ಅಂದುಬಿಟ್ಟೆ. ಒಳಗೆ ಲೆನ್ಸ್ ತಿಕ್ಕುತ್ತಿದ್ದ ಅಂಗಡಿಯ ಮಾಲೀಕರು, ಗುರುಶಿದ್ದಪ್ಪ ಕಾಕಾ, ಸುಮ್ಮನೆ ಒಮ್ಮೆ ಕೆಮ್ಮಿದರು. ಗಿರಾಕಿಯ ಮೇಲೆ ನಾನು ಹರಿಹಾಯ್ದಾಗಲೆಲ್ಲ ಅವರು ಹಾಗೆಯೇ ಕೆಮ್ಮುವುದು.

ಅವನು ಮಾತ್ರ ನನ್ನ ಮಾಸ್ಕನ್ನೇ ನೋಡುತ್ತ ತಣ್ಣಗೆ ಕೂತಿದ್ದ. ಮುಗುಳ್ನಗೆ ಬೇರೆ.

"ನೀವು ಅಂದದ್ದು ಒಂದು ಅಕ್ಷರಾನೂ ತಿಳೀಲಿಲ್ರಿ," ಅಂದ. "ನಂದು ತಾರಿಹಾಳದಾಗ ಲೇಥ್ ವರ್ಕ್‌ಶಾಪ್ ಐತಿ. ಹನ್ನೆರಡು ವರ್ಷ ಮಷಿನ್ ಸಪ್ಪಳದಾಗ ನಿಂತು ಎಡಗಿವಿ ಪೂರಾ ಹೋಗೇತಿ, ಬಲಗಿವಿ ಅರ್ಧ. ನಾ ತುಟಿ ನೋಡಿ ಮಾತು ತಿಳ್ಕೊಳ್ಳಾಂವ. ಅದಕ್ಕ ಕೇಳಿದೆ. ಬೈದ್ರೇನು?"

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಚಶ್ಮಾ ನಂಬರ್ ಬರೆಯುವ ಕಾರ್ಡಿನ ಹಿಂಬದಿಗೆ ಬರೆದು ತೋರಿಸಿದೆ. 'ತಪ್ಪಾತ್ರಿ. ನಮ್ಮಕ್ಕಗ ಬ್ಯಾರೆ ಕಿಡ್ನಿ ಹಾಕ್ಯಾರ. ಅಕಿ ಸಲುವಾಗಿ ನಾ ಮಾಸ್ಕ್ ತಗಿಯಂಗಿಲ್ಲ.'

ಅವನು ಓದಿದ. ತಲೆ ಎತ್ತಲಿಲ್ಲ. ಕಿಸೆಯಿಂದ ಕರ್ಚೀಫು ತೆಗೆದು, ಝಾಡಿಸಿ, ಮೂಗು ಬಾಯಿ ಮುಚ್ಚಿ ಹಿಂದೆ ಗಂಟು ಹಾಕಿಕೊಂಡ. ಆಮೇಲೆ ನನ್ನ ಕಡೆ ನೋಡಿದ.

"ಮೊದಲ ಹೇಳಬಾರದೇನ್ರಿ?"

ಗುರುಪಾದ ಅಂತ ಹೆಸರು. ಕಾರ್ಡಿನ ಮೇಲೆ ನಾನೇ ಬರೆದೆ.

ನನ್ನ ಅಕ್ಕ ಸೌಮ್ಯಾ ಬದುಕಿರುವುದು ಅವ್ವನ ಕಿಡ್ನಿಯ ಮೇಲೆ. ಹೊರಗಿನ ಕಿಡ್ನಿಯನ್ನು ಮೈ ತಳ್ಳಿಹಾಕಬಾರದು ಅಂತ ದಿನಾ ಗುಳಿಗೆ ನುಂಗುತ್ತಾಳೆ. ಆ ಗುಳಿಗೆ ಮೈಯ ಕಾವಲನ್ನೇ ಮಲಗಿಸುತ್ತದೆಯಂತೆ. ಹಾಗಾಗಿ ಲಸಿಕೆ ಹಾಕಿಸಿದರೂ ಅವಳಿಗೆ ಅದು ನಮಗೆ ಹತ್ತಿದಷ್ಟು ಹತ್ತುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಉಳಿದವರು ನಾವು ಹುಷಾರಾಗಿರಬೇಕು, ಅಷ್ಟೇ. ನಾನು ದಿನಕ್ಕೆ ನಲವತ್ತು ಐವತ್ತು ಜನರ ಮುಖದ ಮುಂದೆ ಗೇಣುದ್ದದಲ್ಲಿ ನಿಂತು ಚಶ್ಮಾ ಕೂಡಿಸುವವಳು. ಅವರೆಲ್ಲರ ಉಸಿರು ಹೊತ್ತುಕೊಂಡು ಬೆಂಗೇರಿಯ ಮನೆಗೆ ಹೋಗಿ ಅಕ್ಕನ ಪಕ್ಕ ಊಟಕ್ಕೆ ಕೂಡುವುದು ನನ್ನಿಂದಾಗದು.

ಮಂದಿಗೆ ಇದೆಲ್ಲ ಬೇಕಿಲ್ಲ. "ವಾಣಿಶ್ರೀಗೆ ಹಲ್ಲು ಉಬ್ಬ್ಯಾವಂತ" ಎಂದು ನನ್ನ ಬಗ್ಗೆ ಒಬ್ಬರು. "ಇನ್ನೂ ಕರೋನಾದಾಗ ಅದಾಳ" ಎಂದು ಇನ್ನೊಬ್ಬರು. ಹಿಂದಿನ ದೀಪಾವಳಿಗೆ ನನ್ನನ್ನು ನೋಡಲು ಬಂದಿದ್ದ ಬೀಗರು ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, "ಲಗ್ನ ಆದಮ್ಯಾಲೆ ಇದನ್ನ ಬಿಡಬೇಕು ನೋಡವಾ, ಇಲ್ಲಂದ್ರ ಏನೋ ರೋಗ ಐತಿ ಅಂತಾರ" ಎಂದರು. ನಾನು ಅವರನ್ನೇ ಬಿಟ್ಟೆ.

ಅಂದು ಸೌಮ್ಯಾ ಅತ್ತಳು. "ನನ್ನ ಸಲುವಾಗಿ ನೀ ಹಿಂಗ ಕುಂತ್ರ, ನಾ ಬದುಕಿದ್ದರ ಏನ್ ಬಂತು?"

"ನಿನ್ನ ಸಲುವಾಗಿ ಅಲ್ಲ, ನನಗಽ ಇದು ಛಲೋ ಅನಸ್ತೈತಿ," ಎಂದಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಾಸ್ಕ್ ಬಂದ ಮೇಲೆ 'ಸ್ವಲ್ಪ ನಗ್ರೆಲಾ' ಅನ್ನುವ ಗಿರಾಕಿಗಳು ಕಡಿಮೆಯಾಗಿದ್ದರು. ಆದರೂ ಒಳಗೊಳಗೆ ನನಗೂ ಆಸೆ ಇತ್ತು. ಅಕ್ಕನನ್ನೋ ಲಗ್ನವನ್ನೋ, ಒಂದನ್ನು ಆರಿಸು ಅನ್ನದಂಥ ಒಬ್ಬ ಮನುಷ್ಯ ಎಲ್ಲಾದರೂ ಇರಬೇಕು ಅಂತ.

ನಾಲ್ಕೇ ದಿನಕ್ಕೆ ಗುರುಪಾದ ಮತ್ತೆ ಬಂದ. ಈ ಸಲ ಮೆಡಿಕಲ್ ಅಂಗಡಿಯ ಮಾಸ್ಕ್. ತಲೆಕೆಳಗಾಗಿ ಹಾಕಿಕೊಂಡಿದ್ದ, ಮೂಗಿನ ಮೇಲಿರಬೇಕಾದ ತಂತಿ ಗದ್ದದ ಕಡೆಗೆ ಬಂದಿತ್ತು.

"ಸ್ಕ್ರೂ ಸಡ್ಲಾಗೇತ್ರಿ."

ಬಿಗಿ ಮಾಡಿಕೊಟ್ಟೆ. ಮರುವಾರ ಮತ್ತೆ ಸಡಿಲ. ಅದರ ಮರುವಾರ ಇನ್ನೊಂದು ಕಡೆಯದು. ಕಬ್ಬಿಣವನ್ನು ಕೂದಲೆಳೆಯಷ್ಟು ಲೆಕ್ಕಕ್ಕೆ ಕಡೆದು ಕೊಡುವ ಮನುಷ್ಯನಿಗೆ ಚಶ್ಮಾದ ಸ್ಕ್ರೂ ತಿರುಗಿಸಲು ಬಾರದಂತೆ!

"ಯಾರ ಸ್ಕ್ರೂ ಸಡ್ಲಾಗೇತಿ ಅಂತ ನನಗ ಗೊತ್ತೈತಿ ತಗೋ," ಅಂದರು ಕಾಕಾ.

ಚಶ್ಮಾ ಕೂಡಿಸುವಾಗ ಅವನು ಕಣ್ಣು ಮುಚ್ಚುತ್ತಿದ್ದ. ಕಿವಿಯ ಹಿಂದೆ ಕಡ್ಡಿ ಸರಿಯಾಗಿ ಕೂತಿದೆಯೇ ಎಂದು ನಾನು ಬೆರಳಿಂದ ನೋಡುವಷ್ಟು ಹೊತ್ತೂ ಮುಚ್ಚಿಕೊಂಡೇ ಇರುತ್ತಿದ್ದ. "ಕಣ್ಣು ತಗೀರಿ" ಅಂದರೆ ಕೇಳಬೇಕಲ್ಲ! ಭುಜಕ್ಕೆ ಒಂದು ಬೆರಳು ತಟ್ಟಬೇಕು. ತಟ್ಟಿದರೆ ನಿಧಾನಕ್ಕೆ ತೆರೆಯುತ್ತಿದ್ದ. ಆ ಕಣ್ಣು ನೇರ ನನ್ನ ಕಣ್ಣಿಗೇ ಬಂದು ನಿಲ್ಲುತ್ತಿತ್ತು. ನಾನು ಅಳತೆಪಟ್ಟಿ ಹುಡುಕುವ ನೆಪ ಮಾಡುತ್ತಿದ್ದೆ. ಅದು ನನ್ನ ಕೈಯಲ್ಲೇ ಇರುತ್ತಿತ್ತು.

"ನಿಮ್ಮ ತುಟಿ ಕಾಣದಿದ್ರ ಏನಾತು, ಈಗ ಕಣ್ಣು ಓದಾಕ ಕಲ್ತೇನಿ," ಅಂದ ಒಂದು ದಿನ. "ನಿಮ್ಮ ಕಣ್ಣಾಗ ಮೂರು ನಗು ಅದಾವ್ರಿ. ಒಂದು ಗಿರಾಕೀದು. ಒಂದು ನಿಮ್ಮ ಕಾಕಾಂದು."

ಕಾರ್ಡಿನ ಮೇಲೆ ಬರೆದೆ: 'ಮೂರನೇದು?'

"ಅದು ನಾ ಬಾಗಲಾ ತಗದಾಗ ಬರತೈತಿ."

ಸುಳ್ಳು ಎಂದು ಬರೆಯಲು ಹೋದೆ. ಪೆನ್ನು ಓಡಲಿಲ್ಲ.

ಅವನೂ ನನಗೆ ಕೈಸನ್ನೆ ಕಲಿಸಿದ. ವರ್ಕ್‌ಶಾಪಿನ ಸಪ್ಪಳದಲ್ಲಿ ಅವರೆಲ್ಲ ಮಾತಾಡುವುದು ಹಾಗೆಯೇ. ಎರಡು ಮುಂಗೈ ಅಡ್ಡ ಹಿಡಿದರೆ 'ಬಂದ್'. ತಲೆಯ ಮೇಲೆ ಕೈಯೆತ್ತಿ ತೋರುಬೆರಳು ಒಂದು ಸುತ್ತು ತಿರುಗಿಸಿದರೆ 'ಚಾಲೂ'.

"ಕಂಪ್ರೆಸರ್ ಸ್ವಿಚ್ ಹತ್ತರ ಕಮರುದ್ದೀನ ಚಾಚಾ ನಿಂತಿರತಾರ. ಯಾರರೇ ಚಾಲೂ ಅಂತ ಬೆರಳ ತಿರುವಿದ್ರ ಸಾಕು, ಯಾಕ, ಏನು ಅಂತ ಕೇಳಂಗಿಲ್ಲ. ಒತ್ತೇ ಬಿಡತಾರ," ಎಂದು ನಕ್ಕ.

ಅವನು ಕೇಳಿದ್ದು ಗಿರಮಿಟ್ ಗಾಡಿಯ ಮುಂದೆ. ಅಂಗಡಿ ಮುಚ್ಚುವ ಹೊತ್ತು. ಎಲ್ಲರೂ ನಿಂತು ತಿನ್ನುತ್ತಿದ್ದರು. ನಾನು ಮಾತ್ರ ಎಂದಿನಂತೆ ಪಾರ್ಸಲ್ ಹೇಳಿದ್ದೆ. ಅವನೂ ಪಾರ್ಸಲ್ ಹೇಳಿದ. ಗಿರಮಿಟ್ ಪಾರ್ಸಲ್ ಒಯ್ದರೆ ಮನೆ ಮುಟ್ಟುವುದರೊಳಗೆ ಚುರುಮುರಿ ಮೆತ್ತಗಾಗುತ್ತದೆ ಎಂದು ಗೊತ್ತಿದ್ದೂ ಹೇಳಿದ.

"ವಾಣಿಶ್ರೀ," ಅಂದ. ಅಂದಿನವರೆಗೆ ಬರೀ 'ಏನ್ರಿ' ಇತ್ತು. "ನಮ್ಮ ಮನಿಗೆ ಬರತೀರೇನ್ರಿ? ಕಾಯಂ ಆಗಿ. ಮಾಸ್ಕ್ ಹಾಕ್ಕೊಂಡಽ ಬರ್ರಿ. ನಮ್ಮವ್ವ ಈರವ್ವನೂ ಹಾಕ್ಕೊಂತೇನಿ ಅಂದಾಳ. ದಿನಾ ಬೆಂಗೇರಿಗೆ ಹೋಗಿ ಅಕ್ಕನ್ನ ನೋಡ್ಕೊಂಡು ಬರ್ರಿ, ಯಾರು ಬ್ಯಾಡ ಅಂತಾರ?"

ಇಷ್ಟು ದಿನ ಇಂಥದೇ ಮಾತಿಗೆ ಕಾದವಳು ನಾನು. ಬಂದಾಗ ಮಾತ್ರ ಗಂಟಲು ಕಟ್ಟಿತು. ತಲೆ ಮೇಲೆತ್ತಲಾಗಲಿಲ್ಲ. ಒಣಗಿದ ಗಂಟಲಿಂದ ಮೊದಲು 'ಊ' ಅಂತ ಏನೋ ಒಂದು ಹೊರಟಿತು, ಅದರ ಹಿಂದೆಯೇ 'ಹೂಂ' ಬಂತು.

ಅವನು ಗಾಡಿಯವನ ಕೈಗೆ ದುಡ್ಡು ಕೊಟ್ಟ.

"ಆತ್ರಿ," ಅಂದ. ಪಾರ್ಸಲ್ ತೆಗೆದುಕೊಂಡು ಹೋದ.

ಆತ್ರಿ ಅಂದರೆ ಆಯಿತು. ನನ್ನ ಪಾಲಿಗೆ ಎಲ್ಲ ಆಗಿಹೋಗಿತ್ತು. ಮನೆಗೆ ಹೋಗಿ ಸೌಮ್ಯಾಗೆ ಹೇಳಿದೆ. ಅವಳು ಕೂತಲ್ಲೇ ಚಪ್ಪಾಳೆ ತಟ್ಟಿದಳು. ಈರವ್ವನವರು ಕುಂಕುಮ ಹಚ್ಚಿ ಮಾತು ಮುಗಿಸಲು ಸೋಮವಾರವೇ ಬರುತ್ತಾರೆಂದು ಅವಳ ಲೆಕ್ಕ. ಕಪಾಟಿನಿಂದ ಹೊಸ ಬಟ್ಟಲು ಇಳಿಸಿದಳು. ಪಡಸಾಲೆಯ ಕಿಟಕಿಗಳನ್ನೆಲ್ಲ ತೆರೆಸಿ ಗಾಳಿ ಆಡುತ್ತದೆಯೇ ಎಂದು ನೋಡಿದಳು. ನಾನು ಅವಲಕ್ಕಿ, ಶೇಂಗಾ ತಂದಿಟ್ಟೆ.

ಸೋಮವಾರ ಯಾರೂ ಬರಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಅಂಗಡಿಗೂ ಅವನ ಪತ್ತೆಯಿಲ್ಲ, ಅವನ ಸ್ಕ್ರೂ ಒಮ್ಮೆಲೇ ಬಿಗಿಯಾಗಿಬಿಟ್ಟಿತ್ತು. ಸೌಮ್ಯಾ ಬಟ್ಟಲುಗಳನ್ನು ಮತ್ತೆ ಕಪಾಟಿಗೆ ಏರಿಸಿದಳು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಇವನೂ ಆ ಬೀಗರಂಥವನೇ ಎಂದುಕೊಂಡೆ.

ಮರುದಿನ ಕಾಕಾ ಹತ್ತು ಸೇಫ್ಟಿ ಚಶ್ಮಾ ಎಣಿಸಿ ಡಬ್ಬಿಗೆ ತುಂಬುತ್ತ ಕೂತಿದ್ದರು. "ಗುರುಪಾದನ ವರ್ಕ್‌ಶಾಪಿಗೆ ಹೋಗಬೇಕಿದು. ನಿನ್ನೆ ಬಜಾರದಾಗ ಸಿಕ್ಕಿದ್ದ. ತಾನು ಬರೂದಿಲ್ಲಂತ, ಯಾರ ಕೈಯಾಗರೆ ಕಳಸ್ರಿ ಅಂದ. ಪಾಪ, ಬರೂದರ ಹ್ಯಾಂಗ? ನೀ ಒಲ್ಲೆ ಅಂದಿಯಂತಲ್ಲ."

"ನಾ? ಯಾರಂದ್ರು?"

"ಅವನಽ ಅಂದ. ಮಾಸ್ಕಿನಾಗ ಊಹೂಂ ಅಂದ್ರು, ನನ್ನ ಕಿವೀಗೂ ಕೇಳಿಸ್ತು ಅಂದ."

ನಾನು ಟ್ರಯಲ್ ಕನ್ನಡಿಯ ಮುಂದೆ ನಿಂತೆ. 'ಹೂಂ' ಅಂದೆ. ಗಂಟಲು ಕಟ್ಟಿಸಿಕೊಂಡು ಇನ್ನೊಮ್ಮೆ ಅಂದೆ. ಅಯ್ಯ ಶಿವನೇ! ಊ, ಹೂಂ. ಊಹೂಂ!

"ಹುಚ್ಚು ಹಿಡೀತೇನು?" ಅಂದರು ಕಾಕಾ.

ಫೋನಿನಲ್ಲಿ ಬರೆದು ಕಳಿಸಬಹುದಿತ್ತು, ಖರೇ. ಇಂಥ ಮಾತು ಕಳಿಸಿ ವಾಟ್ಸಾಪಿನ ನೀಲಿ ಟಿಕ್ ಬೀಳುವುದನ್ನು ಕಾಯುವ ತಾಳ್ಮೆ ನನಗಿಲ್ಲ. ಡಬ್ಬಿಯನ್ನು ಕಾಕಾನ ಕೈಯಿಂದ ಕಸಿದುಕೊಂಡು ಆಟೋ ಹಿಡಿದೆ.

ತಾರಿಹಾಳದ ಆ ಶೆಡ್ಡಿನೊಳಗೆ ಕಾಲಿಟ್ಟರೆ ನನ್ನ ಎದೆಬಡಿತ ನನಗೇ ಕೇಳಿಸಲಿಲ್ಲ. ಅಷ್ಟು ಸಪ್ಪಳ. ಎಂಟು ಹತ್ತು ಮಂದಿ ತಮ್ಮ ತಮ್ಮ ಲೇಥಿನ ಮುಂದೆ ನಿಂತಿದ್ದರು. ಮೂಲೆಯಲ್ಲಿ ಬಿಳಿಗಡ್ಡದ ಕಮರುದ್ದೀನ ಚಾಚಾ, ಅವರ ಪಕ್ಕ ಕಂಪ್ರೆಸರ್. ನಡುವೆ ಗುರುಪಾದ. ಯಾರೂ ಅಲ್ಲಿ ಮಾಸ್ಕ್ ಹಾಕಿರಲಿಲ್ಲ, ಅವನೊಬ್ಬ ಹಾಕಿದ್ದ. ನಾನು ಒಲ್ಲೆ ಅಂದೆ ಎಂದು ತಿಳಿದ ಮೇಲೂ ಹಾಕಿದ್ದ. ನನ್ನ ಕಣ್ಣು ತುಂಬಿಬಂತು.

ನನ್ನನ್ನು ಕಂಡದ್ದೇ ಅವನು ಎರಡೂ ಮುಂಗೈ ಅಡ್ಡ ಹಿಡಿದ. ಒಂದೊಂದಾಗಿ ಎಲ್ಲ ಮಷಿನ್ ನಿಂತವು. ಕೊನೆಗೆ ಕಂಪ್ರೆಸರ್ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ನಾ ಅವತ್ತ ಹೂಂ ಅಂದಿದ್ದೆ!" ಎಂದು ಅವನ ಬಲಗಿವಿಗೆ ಕೇಳುವಂತೆ ಕೂಗಿದೆ. "ಗಂಟಲಾ ಕಟ್ಟಿತ್ತು. ನೀವು ಊಹೂಂ ಅಂತ ತಿಳ್ಕೊಂಡ್ರಿ!"

ಅವನು ಕಿವಿ ಮುಂದೆ ಮಾಡಿದ. ಕೇಳಿಸಿತೋ, ಕೇಳಿಸಿದ್ದನ್ನು ನಂಬಲಿಲ್ಲವೋ, ಗೊತ್ತಾಗಲಿಲ್ಲ. ಬರೆಯಲು ಕಾರ್ಡೂ ಇರಲಿಲ್ಲ. ನನ್ನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು, ಮಾಸ್ಕಿನ ದಾರದ ಮೇಲೆ. ಒಮ್ಮೆ ತೆಗೆದು ಹೇಳಿಬಿಡೋಣ, ಒಂದೇ ಮಾತು, ಎಷ್ಟು ಹೊತ್ತಾದೀತು ಎಂದುಕೊಂಡೆ.

"ಬ್ಯಾಡ್ರಿ!" ಅಂದ ಗುರುಪಾದ. ಅವನ ಕೈ ಗಾಳಿಯಲ್ಲೇ ನನ್ನ ಕೈಯನ್ನು ತಡೆಯಿತು, ಮುಟ್ಟಲಿಲ್ಲ. "ಇಲ್ಲಿ ಇಬ್ಬರಿಗೆ ನೆಗಡಿ ಐತಿ. ತಗೀಬ್ಯಾಡ್ರಿ. ಅಕ್ಕ ಅದಾರ ಮನ್ಯಾಗ."

ನನ್ನ ತುಟಿ ಕಾಣದೆ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟವನು ಅವನು. ಈ ಮಾಸ್ಕ್ ತೆಗೆ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗೇ ಇತ್ತು. ಅವನೇ ಬೇಡ ಅಂದ.

"ಮತ್ತ ಅದನ್ನ ತಗದ್ರೂ ಉಪಯೋಗ ಇಲ್ರಿ," ಎಂದು ಮೆಲ್ಲಗೆ ಅಂದ. "ಹೂಂ ಅಂದ್ರೂ ಬಾಯಿ ಮುಚ್ಚಿರತೈತಿ, ಊಹೂಂ ಅಂದ್ರೂ ಬಾಯಿ ಮುಚ್ಚಿರತೈತಿ. ತುಟಿ ಓದಾವಂಗ ಎರಡೂ ಒಂದಽ. ಅವತ್ತ ನಿಮ್ಮ ಕಣ್ಣು ನೋಡಬೇಕಂದ್ರ ನೀವು ತಲಿ ಎತ್ತಲೇ ಇಲ್ಲ."

ನಾನು ತಲೆ ಎತ್ತಿದೆ. ಪೂರ್ತಿ ಎತ್ತಿದೆ.

ಅವನು ನೋಡಿದ. ನಿಧಾನವಾಗಿ, ಒಂದು ಅಕ್ಷರವೂ ತಪ್ಪಬಾರದು ಎನ್ನುವಂತೆ ನೋಡಿದ. ಅವನ ಕಿವಿಯ ತುದಿ ಕೆಂಪಾಯಿತು.

"ಇನ್ನೊಮ್ಮೆ ಕೇಳ್ಲೇನ್ರಿ?" ಅಂದ. "ನಮ್ಮ ಮನಿಗೆ ಬರತೀರೇನು?"

ಇನ್ನು ಗಂಟಲನ್ನು ನಂಬುವವಳಲ್ಲ ನಾನು. ಕೈ ತಲೆಯ ಮೇಲೆತ್ತಿದೆ. ತೋರುಬೆರಳನ್ನು ಒಂದು ಸುತ್ತು, ಎಲ್ಲರಿಗೂ ಕಾಣುವಂತೆ ತಿರುಗಿಸಿದೆ.

ಚಾಲೂ.

ಮೂಲೆಯಲ್ಲಿ ಕಮರುದ್ದೀನ ಚಾಚಾ ಯಾಕೆ, ಏನು ಅಂತ ಕೇಳಲಿಲ್ಲ. ಒತ್ತೇಬಿಟ್ಟರು.

ಕಂಪ್ರೆಸರ್ ಧಡಧಡ ಎದ್ದಿತು. ಅದು ಎದ್ದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಒಂದೊಂದೇ ಲೇಥು ತಿರುಗತೊಡಗಿತು. ಇಡೀ ಶೆಡ್ಡು ಗುಡುಗುಡು ಅಂದಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಸಪ್ಪಳದಲ್ಲಿ ನನ್ನ ನಗು ನನಗೂ ಕೇಳಿಸಲಿಲ್ಲ. ಗುರುಪಾದ ನನ್ನ ಕಣ್ಣನ್ನೇ ನೋಡುತ್ತ ಮೂರು ಬೆರಳು ಎತ್ತಿ ತೋರಿಸಿದ. ಮೂರನೇ ನಗು.

ಏನೋ ತಪ್ಪಾಯಿತೆಂದು ಚಾಚಾಗೆ ಆಗ ಹೊಳೆಯಿತು. ಅವರು ಗಾಬರಿಯಿಂದ ಎರಡೂ ಮುಂಗೈ ಅಡ್ಡ ಹಿಡಿದು, ಹುಬ್ಬೇರಿಸಿ ನಮ್ಮನ್ನು ಕೇಳಿದರು: ಬಂದ್ ಮಾಡಲೇನು?

ನಾವಿಬ್ಬರೂ ಒಟ್ಟಿಗೇ ತಲೆ ಅಲ್ಲಾಡಿಸಿದೆವು. ಊಹೂಂ.