ಗಂಟು ಕಡಿದವನು

"ಆ ವ್ಯಾನಿಗೆ ಕೈ ಹಾಕಬೇಡಪ್ಪ. ಒಳಗೆ ದಾರ, ಗಂಟು ಏನಾದ್ರೂ ಕಣ್ಣಿಗೆ ಬಿದ್ರೂ ಮುಟ್ಟಬೇಡ. ನನಗೆ ಹೇಳಿ ಕಳಿಸು."

ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೀಗಂದವಳು ಬೇಕರಿಯವನ ಅತ್ತಿಗೆ. ಗಂಡ ಸತ್ತ ಮೇಲೆ, ಅವನು ಬ್ರೆಡ್ಡು ಸಾಗಿಸುತ್ತಿದ್ದ ಹಳೇ ವ್ಯಾನನ್ನು ಮೈದುನ ಅವಳಿಂದ ಕಿತ್ತುಕೊಂಡದ್ದು ಬೀದಿಗೆಲ್ಲ ಗೊತ್ತಿತ್ತು. ಊರಿಗೆ ಹೊಸಬನಾದ ಮೆಕ್ಯಾನಿಕ್ಕಿಗೆ ಮಾತ್ರ ಗೊತ್ತಿರಲಿಲ್ಲ. ಕಣ್ಣಾರೆ ಕಂಡದ್ದನ್ನೂ ಅಳೆದು ನೋಡಿಯೇ ನಂಬುವ ಅವನಿಗೆ 'ಗೇಜು' ಎಂದೇ ಅಡ್ಡಹೆಸರು.

"ಇಂಜಿನ್ನಿಗೂ ಮಾಟ ಮಾಡಿಸ್ತಾರಾ ಅಕ್ಕ? ಹಾಗಾದ್ರೆ ನಾನು ಸ್ಪ್ಯಾನರ್ ಬಿಸಾಕಿ ಮಂತ್ರ ಕಲೀಬೇಕು!"

ಅವಳು ನಗಲಿಲ್ಲ. "ಅದು ಓಡಬಾರದು ಅಂತ ಕಟ್ಟಿಸಿದ್ದು. ಕಟ್ಟಿಸಿದ ಮೇಲೆ ನನಗೇ ನಿದ್ದೆ ಇಲ್ಲ," ಎಂದಷ್ಟೇ ಹೇಳಿ ಹೊರಟುಹೋದಳು.

ವ್ಯಾನಿನ ಕಾಯಿಲೆ ಒಂದೇ. ಇಂಜಿನ್ನಿನ ಬೆನ್ನಿಗೆ ತಿರುಗುವ ಭಾರದ ಚಕ್ರ, ಫ್ಲೈವೀಲು. ಅದರ ಅಂಚಿನ ಹಲ್ಲುಗಳನ್ನು ಹಿಡಿದೇ ಸ್ಟಾರ್ಟರ್ ಮೋಟರು ಇಂಜಿನ್ನನ್ನು ಎಬ್ಬಿಸಬೇಕು. ಆ ಹಲ್ಲುಗಳು ಉದುರುತ್ತಿದ್ದವು. ಹೊಸ ಚಕ್ರ ಹಾಕಿದರೂ ಕೆಲವೇ ದಿನಕ್ಕೆ ಅದೇ ಜಾಗದಲ್ಲಿ ಮುಕ್ಕು.

"ಅದರಲ್ಲೇನು ವಿಚಿತ್ರ?" ಅಂದ ಗೇಜು ಬೇಕರಿಯವನಿಗೆ. "ಆಫ್ ಮಾಡಿದಾಗ ಇಂಜಿನ್ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಲ್ಲುತ್ತೆ. ಏಟು ಬೀಳೋದೂ ಅದೇ ಹಲ್ಲಿಗೆ. ಏಟು ಯಾಕೆ ಜೋರಾಗಿ ಬೀಳ್ತಿದೆ ಅಂತ ಹುಡುಕಿದ್ರಾಯ್ತು."

ಹುಡುಕಿದ. ಸ್ಟಾರ್ಟರ್ ಬಿಚ್ಚಿದರೆ ಅದು ನೆಟ್ಟಗಿತ್ತು. ಗೇರ್‌ಬಾಕ್ಸು ಓರೆಯಾಗಿ ಕೂತಿರಬಹುದೆಂದು ನೋಡಿದರೆ ಅದೂ ನೆಟ್ಟಗಿತ್ತು. ಚಕ್ರಕ್ಕೆ ಓರೆ ಅಳೆಯುವ ಗೇಜು ಇಟ್ಟು ತಿರುಗಿಸಿದ, ಮುಳ್ಳು ಎಳ್ಳಷ್ಟೂ ಅಲ್ಲಾಡಲಿಲ್ಲ. ಆದರೂ ಇರಲಿ ಎಂದು ಸ್ಟಾರ್ಟರು, ಚಕ್ರ ಎರಡನ್ನೂ ಹೊಸದಾಗಿ ಕೂರಿಸಿ ಕಳಿಸಿದ. ವ್ಯಾನು ಹಗ್ಗ ಕಟ್ಟಿ ಎಳೆಸಿಕೊಂಡು ವಾಪಸ್ಸು ಬಂತು. ಗೇಜಿಗೆ ಬೀದಿಯಲ್ಲಿ ತಲೆ ಎತ್ತಲಾಗದ ಹಾಗಾಯಿತು.

ಈ ಸಲ ಹಲ್ಲು ಕಚ್ಚಿ ವ್ಯಾನಿನಡಿಯ ರಿಪೇರಿ ಗುಂಡಿಗಿಳಿದ. ವ್ಯಾನಿನ ಹೊಟ್ಟೆಯಡಿ ಕತ್ತಲು, ಹಳೇ ಆಯಿಲಿನ ಕಮಟು, ಕಬ್ಬಿಣದ ಪುಡಿಯ ವಾಸನೆ. ಚಕ್ರ ಕಳಚುತ್ತಿದ್ದಂತೆ ಸುಟ್ಟ ಕೂದಲಿನ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಲೈಟು ಹಿಡಿದ. ಚಕ್ರದ ಹಿಂದೆ, ಕಾಗದವೂ ತೂರದಂತೆ ತಾನೇ ಬೋಲ್ಟು ಬಿಗಿದಿದ್ದ ಜಾಗದಲ್ಲಿ, ಕೂದಲು ಸುತ್ತಿದ ಕಪ್ಪು ದಾರದ ಗಂಟು ಅಂಟಿಕೊಂಡಿತ್ತು. ಅದು ಅಲ್ಲಿದ್ದಿದ್ದರೆ ಗೇಜಿನ ಮುಳ್ಳು ಕುಣಿಯಬೇಕಿತ್ತು. ಮುಟ್ಟಿದ. ಬೆಚ್ಚಗಿತ್ತು.

"ಏನ್ ಸಿಕ್ತು ಮೇಸ್ತ್ರಿ?" ಮೇಲಿಂದ ಬೇಕರಿಯವ ಇಣುಕಿದ.

ಅವನೆದುರು ಹೆದರಿದ ಹಾಗೆ ಕಾಣಬಾರದಲ್ಲ. "ನಿಮ್ಮತ್ತಿಗೆ ಸಾಕಿದ ದೆವ್ವ!" ಎಂದ ಗೇಜು, ವೈರಿನ ಸಿಪ್ಪೆ ಸುಲಿಯುವ ಅಭ್ಯಾಸದಲ್ಲೇ ಗಂಟನ್ನು ಹಲ್ಲಿಗೆ ಕೊಟ್ಟು ಕಡಿದ. ಬಾಯಿತುಂಬ ಬೂದಿಯ ರುಚಿ. ತುಂಡುಗಳನ್ನು ಚಿಂದಿ ಸುಡುವ ಡಬ್ಬದ ಬೆಂಕಿಗೆ ಎಸೆದ.

ಮತ್ತೊಂದು ಚಕ್ರ ಕೂರಿಸಿದ್ದೇ ತಡ, ವ್ಯಾನು ಒಂದೇ ಕೀಗೆ ಎದ್ದಿತು. ಬೇಕರಿಯವ ಹಿಗ್ಗಿಹೋದ. ಅದೇ ಗಳಿಗೆ ಗೇಜಿನ ಬಾಯೊಳಗೆ ಕಟ್ ಎಂದಿತು. ಅಂಗೈಗೆ ಉಗಿದ. ಅರ್ಧ ಹಲ್ಲು.

ಬೆಳಿಗ್ಗೆ ಗೇಜು ಗ್ಯಾರೇಜಿನ ಮೇಲಿನ ತನ್ನ ಮನೆಯಲ್ಲಿ ಹಾಲಿಗೆ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ. ಎದುರು ಬೇಕರಿಯ ಹಿತ್ತಲಲ್ಲಿ ಸ್ಟಾರ್ಟರು ಕರ್ರೆಂದಿತು. ಕಟ್.

"ಬ್ರೆಡ್ಡಲ್ಲಿ ಕಲ್ಲಿತ್ತೇನ್ರೀ?" ಹೆಂಡತಿ ಗಾಬರಿಯಾದಳು.

ಮಧ್ಯಾಹ್ನ ಮತ್ತೆ ಕರ್ರೆಂದಿತು. ಕಟ್. ಸಂಜೆ ಕಟ್. ಒಂದೇ ಕಡೆಯಿಂದ, ಸಾಲಾಗಿ. ಹಲ್ಲಿನ ಡಾಕ್ಟರು ಪರೀಕ್ಷೆ ಮಾಡಿ ತಲೆ ಕೆರೆದುಕೊಂಡರು. "ಬೇರುಗಳೆಲ್ಲ ಗಟ್ಟಿಯಾಗೇ ಇವೆ. ಯಾಕೆ ಒಡೀತಿದೆಯೋ ತಿಳೀತಿಲ್ಲ. ಯಾರಾದ್ರೂ ಹೊಡೆದ್ರಾ?"

ಹತ್ತು ದಿನಕ್ಕೆ ಬಾಯಲ್ಲಿ ಒಂದೇ ಹಲ್ಲು ಉಳಿದಾಗ ಗೇಜು ಅತ್ತಿಗೆಯ ಮನೆಗೆ ಓಡಿದ. ಊದಿದ ಅವನ ಬಾಯಿ ನೋಡಿದ್ದೇ ಅವಳಿಗೆ ಅರ್ಥವಾಯಿತು.

"ಗಂಟೆಲ್ಲಿ?"

"ಕಡಿದು ಸುಟ್ಟೆ ಅಕ್ಕ."

"ಬಿಚ್ಚೋಕೆ ಗಂಟೇ ಬೇಕಲ್ಲಪ್ಪ! ಚಕ್ರಕ್ಕೆ ಕಟ್ಟಿಸಿದ್ದನ್ನ ನೀನು ಬಾಯಿಗೆ ತಗೊಂಡೆ."

"ವ್ಯಾನನ್ನೇ ಪುಡಿ ಮಾಡ್ತೀನಿ."

"ಅಯ್ಯೋ, ಬೇಡ! ಅದಕ್ಕೆ ಬೀಳೋ ಏಟೆಲ್ಲ ಇನ್ನು ನಿನಗೇ."

ಅವಳ ಮಾತಿನ್ನೂ ಮುಗಿದಿರಲಿಲ್ಲ, ಕಟ್. ಕೊನೆಯ ಹಲ್ಲು.

ಬೇಕರಿಯವನ ಕಾಲಿಗೆ ಬಿದ್ದಾದರೂ ನಿಲ್ಲಿಸಬೇಕು. ಓಡಿದ. ಬಾಯಿಂದ ರಕ್ತ ಸೋರುತ್ತಿತ್ತು. ಅಂಗಡಿಗಳು, ಮುಖಗಳು, ಎಲ್ಲ ಮಸುಕು. ಬೀದಿ ತಿರುವಿನಲ್ಲಿ ವ್ಯಾನು ನಿಂತಿತ್ತು. ಇಂಜಿನ್ ಆಫಾಗಿತ್ತು. ಬೇಕರಿಯವ ಸ್ಟಿಯರಿಂಗ್ ಮುಂದೆ ಕೂತು ಗಿರಾಕಿಯೊಬ್ಬನ ಹತ್ತಿರ ಹರಟುತ್ತಿದ್ದ.

"ಬನ್ನಿ ಮೇಸ್ತ್ರಿ, ನಿಮ್ಮನ್ನೇ ಹೊಗಳ್ತಿದ್ದೆ! ಇವರು ನಂಬ್ತಾನೇ ಇಲ್ಲ."

ಬೇಡ ಎನ್ನಲು ಬಾಯಿ ತೆರೆದ. ಬಂದದ್ದು ನೆತ್ತರು ಬೆರೆತ ಗಾಳಿ. ಎರಡೂ ಕೈ ಬೀಸಿದ. ಬೇಕರಿಯವನೂ ಖುಷಿಯಲ್ಲಿ ಕೈ ಬೀಸಿದ. ಇನ್ನು ಒಡೆಯಲು ಹಲ್ಲೇ ಇಲ್ಲವಲ್ಲ, ಎಂದುಕೊಂಡ ಗೇಜು. ಹಾಗೆಂದುಕೊಂಡೇ ಧೈರ್ಯ ತಂದುಕೊಂಡ.

ಕೀ ತಿರುಗಿತು. ಕರ್ರ್.

ಕಟ್. ಈ ಸಲ ದವಡೆ.

ಅವನು ರಸ್ತೆಗೆ ಮಂಡಿಯೂರಿ ಬಿದ್ದ. ಕೂಗಿದ್ದು ಇಂಜಿನ್ನಿನ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ.

"ನೋಡಿದ್ರಾ, ಬೆಣ್ಣೆ ತರಹ!" ಬೇಕರಿಯವ ಗಿರಾಕಿಯತ್ತ ತಿರುಗಿ ಇಂಜಿನ್ ಆಫ್ ಮಾಡಿದ. "ತಾಳಿ, ಇನ್ನೊಂದ್ಸಲ ತೋರಿಸ್ತೀನಿ."